ಏಳು ನುಡಿ ಮತ್ತು ಕಸದ ಗಾಡಿ

ಆ ಮನೆಯಲ್ಲಿ ಖುಷಿಗೆಂದು ಯಾರೂ ಹಾಡುತ್ತಿರಲಿಲ್ಲ. ಹಗ್ಗ, ಏಣಿ, ಬಕೆಟ್ಟು, ಬ್ರಷ್ಷು ಇದ್ದ ಹಾಗೆ ಹಾಡೂ ಅವರಿಗೊಂದು ಕೆಲಸದ ಸಾಮಾನು. ಹಗ್ಗವನ್ನು ಯಾರಾದರೂ ಬಟ್ಟೆ ಒಣಗಿಸಲು ಕಟ್ಟಿದರೆ ಅತ್ತೆ ಹೇಗೆ ರೇಗುತ್ತಿದ್ದಳೋ, ಹಾಡನ್ನು ಪಾತ್ರೆ ತಿಕ್ಕುತ್ತ ಗುನುಗಿದರೂ ಹಾಗೇ ರೇಗುತ್ತಿದ್ದಳು.

ಅವರ ಕಸುಬು ನೀರಿನ ತೊಟ್ಟಿ ತೊಳೆಯುವುದು. ದೊಡ್ಡ ಕಟ್ಟಡಗಳ ಕೆಳಗೆ, ನೆಲದೊಳಗೆ, ಕೋಣೆಯಷ್ಟು ದೊಡ್ಡ ತೊಟ್ಟಿಗಳಿರುತ್ತವಲ್ಲ, ಅವು. ಮೇಲೆ ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟೇ ಬಾಯಿ. ಒಳಗೆ ಕತ್ತಲೆ. ಮೊದಲು ಪಾಚಿ ಕೆರೆಯಬೇಕು, ಆಮೇಲೆ ಗೋಡೆಗೆ ನೀರು ಸೋರದ ಬಣ್ಣ ಬಳಿಯಬೇಕು. ಆ ಬಣ್ಣದ ಗುಣವೇನೆಂದರೆ, ಮೊದಲ ಐದು ನಿಮಿಷ ಮೂಗು ಉರಿಯುತ್ತದೆ, ಆಮೇಲೆ ಉರಿ ನಿಂತು ಹಿತವಾಗತೊಡಗುತ್ತದೆ. ಹಿತವಾಯಿತೆಂದರೆ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಒಳಗಿದ್ದವನಿಗೆ ತನ್ನ ತಲೆ ಮಂಕಾಗುತ್ತಿದೆ ಎಂಬುದೂ ತಿಳಿಯುವುದಿಲ್ಲ.

ಅದಕ್ಕೇ ಹಾಡು ಬೇಕಾಗಿತ್ತು. ಗಂಡಸು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಹೆಂಗಸು ತೊಟ್ಟಿಯ ಬಾಯಲ್ಲಿ ಕಾಲು ಚಾಚಿ ಕೂತು, ಹಗ್ಗ ಹಿಡಿದು ಹಾಡುತ್ತಾಳೆ. ಎಂಟೆಂಟು ಸಾಲಿನ ಏಳು ನುಡಿ, ನಿಧಾನದ ಹಾಡು. ಒಂದೊಂದು ನುಡಿ ಮುಗಿದಾಗಲೂ ಕೆಳಗಿನವನು ಹಗ್ಗವನ್ನು ಒಂದು ಸಲ ಎಳೆಯಬೇಕು. ನೆಟ್ಟಗಿದ್ದೇನೆ ಎಂದು ಅದರ ಅರ್ಥ. ಏಳನೆಯದು ಮುಗಿದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ಬಿಟ್ಟು ಮೇಲೆ ಬಂದುಬಿಡಬೇಕು. ಗಡಿಯಾರ ಇಟ್ಟುಕೊಂಡರಾಗದೇ ಎಂದು ಕೇಳಬಹುದು. ಗಡಿಯಾರ ಮೇಲಿದ್ದವಳಿಗೆ ಕಾಣುತ್ತದೆ, ಕೆಳಗಿದ್ದವನಿಗೆ ಕೇಳುವುದಿಲ್ಲ. ಹಾಡಾದರೆ ಇಬ್ಬರಿಗೂ ಒಂದೇ ಹೊತ್ತು ಹೇಳುತ್ತದೆ.

ಹಾಡಿನಲ್ಲಿ ಮಹಾ ಸಂಗತಿಯೇನೂ ಇರಲಿಲ್ಲ. ಹೊರಗೆ ಹೋದವನನ್ನು ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಊಟಕ್ಕೆ ಕರೆಯುತ್ತಾರೆ. 'ಅಮ್ಮ ಕರೆದಳು ಬಾರೋ ಮನೆಗೆ, ಗಂಜಿ ಆರುತಿದೆ' ಎಂದು ಮೊದಲ ನುಡಿ. ಆಮೇಲೆ ಅಪ್ಪ, ಅಕ್ಕ, ತಮ್ಮ, ಪಕ್ಕದ ಮನೆಯವಳು, ಮಗಳು, ಕಡೆಗೆ ಹೆಂಡತಿ. ಹೆಂಡತಿ ಕರೆದ ಮೇಲೂ ಬಾರದವನು ಗಂಡಸೇ ಅಲ್ಲ ಎಂದು ಅತ್ತೆ ನಗಾಡುತ್ತಿದ್ದಳು.

ಮೂವತ್ತು ವರ್ಷ ಅತ್ತೆಯೇ ಹಾಡಿದ್ದಳು. ಮೊದಲು ಗಂಡನಿಗೆ, ಆಮೇಲೆ ಮಗನಿಗೆ. ಈ ವರ್ಷ ಅವಳ ಬಲಭುಜ ಹಿಡಿದುಕೊಂಡು ಕೈ ಮೇಲೇಳದಂತಾಯಿತು. ಹಗ್ಗ ಸೊಸೆಯ ಕೈಗೆ ಬಂತು. ಸೊಸೆ ಅದುವರೆಗೆ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದವಳು. ಒಂದು ತಿಂಗಳು ಅತ್ತೆ ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದಳು.

"ಎಲ್ಲಿ, ತಮ್ಮ ಆದ ಮೇಲೆ ಯಾರು?"

"ಪಕ್ಕದ ಮನೆಯವಳು."

"ಯೋಚನೆ ಮಾಡಿ ಹೇಳಬೇಡ ಕಣೇ. ಯೋಚನೆ ಮಾಡೋಕೆ ಅಲ್ಲಿ ಪುರುಸೊತ್ತಿರಲ್ಲ. ನಿನ್ನ ಹೆಸರು ಕೇಳಿದ್ರೆ ಹೇಳ್ತೀಯಲ್ಲ, ಹಂಗೆ ಬರಬೇಕು."

ಬಂತು. ಎರಡು ತಿಂಗಳು ಒಂದು ಸಾಲೂ ತಪ್ಪಲಿಲ್ಲ. ಅಷ್ಟರಲ್ಲಿ ಅವರ ಬೀದಿಗೆ ಹೊಸ ಕಸದ ಗಾಡಿ ಬಂತು.

ಹಳೆಯ ಗಾಡಿಯವನು ಸೀಟಿ ಊದುತ್ತಿದ್ದ. ಹೊಸ ಗಾಡಿಯ ನೆತ್ತಿಗೆ ಒಂದು ಧ್ವನಿವರ್ಧಕ. ಬೆಳಗ್ಗೆ ಏಳಕ್ಕೆ ಬೀದಿಯ ತುದಿಯಲ್ಲಿ ಶುರುವಾದರೆ ಇನ್ನೊಂದು ತುದಿ ಮುಟ್ಟುವವರೆಗೆ ಒಂದೇ ಹಾಡು.

ಬುಟ್ಟಿ ತನ್ನಿ, ಚೀಲ ತನ್ನಿ,
ಮನೆಯ ಕೊಳೆ ಹೊರಗೆ ತನ್ನಿ,
ಗಾಡಿ ಬಂತು ಬಾಗಿಲಿಗೆ,
ಗಾಡಿ ಬಂತು ಬಾಗಿಲಿಗೆ!

ಅಷ್ಟೇ ಹಾಡು. ಕಡೆಯ ಸಾಲು ಇಳಿಯುವ ಬದಲು ಮೇಲಕ್ಕೇರಿ ಮತ್ತೆ 'ಬುಟ್ಟಿ ತನ್ನಿ'ಗೆ ಹೋಗಿ ಕೂಡಿಕೊಳ್ಳುತ್ತಿತ್ತು. ಮಾಡಿದ ಪುಣ್ಯಾತ್ಮ ಮುಗಿಸುವುದನ್ನೇ ಮರೆತಿದ್ದ.

ಮೊದಲು ಹಿಡಿದುಕೊಂಡದ್ದು ಮಗಳಿಗೆ. ಎರಡನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಎಲ್ಲರೂ ಚಿಲ್ಟು ಎನ್ನುತ್ತಿದ್ದರು. ಹಲ್ಲುಜ್ಜುವಾಗ ಬುಟ್ಟಿ ತನ್ನಿ, ಜಡೆ ಹಾಕಿಸಿಕೊಳ್ಳುವಾಗ ಚೀಲ ತನ್ನಿ. ಮೂರನೇ ದಿನ ಸೊಸೆ ಅಕ್ಕಿ ತೊಳೆಯುತ್ತಿದ್ದವಳು, ತನ್ನ ಕೈ ಪಾತ್ರೆಯೊಳಗೆ ಗಾಡಿಯ ತಾಳಕ್ಕೆ ತಿರುಗುತ್ತಿರುವುದನ್ನು ಕಂಡು ನಕ್ಕಳು. ವಾರ ಕಳೆಯುವಷ್ಟರಲ್ಲಿ ನಗು ಹೋಗಿತ್ತು. ನೆಲ ಒರೆಸಿದರೆ ಅದೇ, ಮೆಟ್ಟಿಲು ಹತ್ತಿದರೆ ಅದೇ. ಕಣ್ಣು ಮುಚ್ಚಿದರೆ ಸಾಕು, ಗಾಡಿ ಬಂತು ಬಾಗಿಲಿಗೆ.

"ಏನು ಸುಡುಗಾಡು ಹಾಡು ಅತ್ತೆ ಇದು, ತಲೆ ಬಿಟ್ಟೇ ಹೋಗ್ತಿಲ್ಲ," ಎಂದಳು ಒಂದು ದಿನ.

"ತಲೇಲಿ ಜಾಗ ಖಾಲಿ ಇದ್ರೆ ಕಸ ಬಂದು ಕೂತ್ಕೊಳ್ಳುತ್ತೆ," ಎಂದಳು ಅತ್ತೆ ಈರುಳ್ಳಿ ಸುಲಿಯುತ್ತ. "ನಮ್ಮ ಕಾಲದಲ್ಲಿ ನಮಗೆ ಪುರುಸೊತ್ತೇ ಇರ್ತಿರಲಿಲ್ಲಪ್ಪ."

ತಪ್ಪು ನಡೆದದ್ದು ಒಂದು ಬೇಕರಿಯ ತೊಟ್ಟಿಯಲ್ಲಿ. ಸಣ್ಣ ಕೆಲಸ, ಮಧ್ಯಾಹ್ನದೊಳಗೆ ಮುಗಿಯುವಂಥದ್ದು. ಗಂಡ ಬಣ್ಣದ ಡಬ್ಬಿ ಹಿಡಿದು ಇಳಿದ. ಸೊಸೆ ಅಮ್ಮನನ್ನು ಕರೆಸಿದಳು, ಅಪ್ಪನನ್ನು ಕರೆಸಿದಳು, ಅಕ್ಕನಿಗೆ ಬಂದಳು. ಅಕ್ಕನ ನುಡಿಯ ಕಡೆಯ ಸಾಲು ಸ್ವಲ್ಪ ಮೇಲಕ್ಕೇರಿ ನಿಲ್ಲುತ್ತದೆ. ಅಲ್ಲೇ ಎಲ್ಲೋ ತಲೆ ಗಾಡಿಯ ಹಿಂದೆ ಹೊರಟುಹೋಯಿತು. ನಾಲಿಗೆ ಹಳೆಯ ಮಾತನ್ನೇ ಹೇಳುತ್ತಿತ್ತು, ಆದರೆ ಗಾಡಿಯ ಹಾಡಿನಂತೆ ತುದಿ ಮುಟ್ಟಿದೊಡನೆ ಹಿಂದಕ್ಕೆ ತಿರುಗಿ ಮತ್ತೆ ಅಕ್ಕನಿಗೇ ಬರುತ್ತಿತ್ತು. ಅಕ್ಕ ಕರೆದಳು, ಅಕ್ಕ ಕರೆದಳು, ಅಕ್ಕ ಕರೆದಳು. ಕೆಳಗಿನಿಂದ ಹಗ್ಗ ನಿಯತ್ತಾಗಿ ಒಂದೊಂದೇ ಎಳೆತ ಕೊಡುತ್ತಿತ್ತು. ಎಷ್ಟು ಸಲ ತಿರುಗಿದಳೋ ಅವಳಿಗೆ ಗೊತ್ತಿಲ್ಲ. ಎಳೆತ ತೀರ ಸಡಿಲವಾಗಿ ಬಂದಾಗ ಎಚ್ಚರಾಗಿ, ತಮ್ಮನನ್ನೂ ಪಕ್ಕದ ಮನೆಯವಳನ್ನೂ ಮಗಳನ್ನೂ ಬಿಟ್ಟು ನೇರ ಹೆಂಡತಿಯ ನುಡಿಗೆ ಹಾರಿದಳು.

ಗಂಡ ಮೇಲೆ ಬಂದಾಗ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಗೋಡೆ ಹಿಡಿದು ವಾಂತಿ ಮಾಡಿದ. ಆಮೇಲೆ ನೆಲದ ಮೇಲೆ ಕೂತು ನಗತೊಡಗಿದ. ನಗುವಂಥದ್ದೇನೂ ಅಲ್ಲಿರಲಿಲ್ಲ. ಬೇಕರಿಯ ಆಳು ನೀರು ತಂದುಕೊಟ್ಟರೆ ಅದನ್ನು ನೋಡಿಯೂ ನಕ್ಕ. ಆ ನಗು ಸೊಸೆಗೆ ಗೊತ್ತಿತ್ತು. ಮನೆಯಲ್ಲಿ ಮಾವ ಹಾಗೇ ನಗುತ್ತಾರೆ.

ಅರ್ಧ ಗಂಟೆಯ ಮೇಲೆ ಗಂಡ ಸರಿಹೋದ. ತಲೆ ಹಿಡಿದುಕೊಂಡು ಕೇಳಿದ, "ಇವತ್ತು ಹಾಡು ಉದ್ದ ಆಯ್ತೇನೇ?"

"ಇಲ್ಲ ರೀ. ಏಳೇ ನುಡಿ."

"ಅಕ್ಕನ್ನ ಬಾಳ ಹೊತ್ತು ಹಾಡಿದ ಹಂಗಿತ್ತು."

"ಬೆಳಗ್ಗೆ ಸರಿಯಾಗಿ ತಿಂದಿಲ್ಲ ನೀವು. ಅದಕ್ಕೇ ಹಂಗನ್ನಿಸಿದೆ."

ಗಂಡ ಒಪ್ಪಿಕೊಂಡ. ಒಪ್ಪಿಕೊಳ್ಳದೆ ಏನು ಮಾಡುತ್ತಾನೆ, ಹಗ್ಗ ಹಿಡಿದವಳ ಮಾತು ನಂಬಿಯೇ ಅಲ್ಲವೇ ಅವನು ಇಳಿಯುವುದು. ಬಸ್ಸಿನಲ್ಲಿ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋದ. ಸುಳ್ಳು ಹೇಳಿದ ಬಾಯಿ ಮನೆ ಮುಟ್ಟುವವರೆಗೆ ಒಣಗಿಯೇ ಇತ್ತು.

ಅವತ್ತು ಸಂಜೆ ಮಾವನಿಗೆ ಗಂಜಿ ಕುಡಿಸುವ ಸರದಿ ಅವಳದು. ಹನ್ನೊಂದು ವರ್ಷದ ಹಿಂದೆ ಮಾವನನ್ನು ಒಂದು ತೊಟ್ಟಿಯಿಂದ ತಡವಾಗಿ ಎಳೆದಿದ್ದರು. ಜೀವ ಉಳಿಯಿತು, ಮನುಷ್ಯ ಉಳಿಯಲಿಲ್ಲ. ಬೀದಿಯಲ್ಲಿ ಇಡೀ ದಿನ ಹರಟುತ್ತಿದ್ದವರಂತೆ. ಈಗ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಚಮಚೆ ಕಂಡರೆ ಬಾಯಿ ತೆರೆಯುತ್ತಾರೆ, ಒಮ್ಮೊಮ್ಮೆ ನಗುತ್ತಾರೆ. ತೊಟ್ಟಿಯ ಗಾಳಿ ಕೆಟ್ಟಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಸೊಸೆ ಎಂಟು ವರ್ಷದಿಂದ ಬೇಸರವಿಲ್ಲದೆ ಚಮಚೆ ಹಿಡಿದವಳು. ಅವತ್ತು ಮಾವನ ಗಲ್ಲ ಒರೆಸುವಾಗ ಅದು ಗಂಡನ ಗಲ್ಲದಂತೆಯೇ ಇದೆ ಎಂದು ಕಣ್ಣಿಗೆ ಬಿತ್ತು. ಅಷ್ಟು ಹೆದರಿಕೆ ಅವಳಿಗೆ ಹುಟ್ಟಿದ ಮೇಲೆ ಯಾವತ್ತೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಆ ಹಾಡನ್ನು ತಲೆಯಿಂದ ಓಡಿಸಲು ಮಾಡದ ಸರ್ಕಸ್ಸಿಲ್ಲ. ಕಿವಿಗೆ ಹತ್ತಿ ತುರುಕಿದಳು. ಹೊರಗಿನದು ಬರುವುದು ನಿಂತು ಒಳಗಿನದು ಇನ್ನೂ ಜೋರಾಯಿತು. ನೂರರಿಂದ ಹಿಂದಕ್ಕೆ ಎಣಿಸಿದಳು. ಅಂಕಿಗಳೆಲ್ಲ ಗಾಡಿಯ ರಾಗದಲ್ಲಿ ಸಾಲಾಗಿ ಬಂದವು. ಬಾಯಿತುಂಬ ಬ್ರೆಡ್ಡು ತುಂಬಿಕೊಂಡು ಜಗಿದಳು. ದವಡೆಯೂ ಅದೇ ತಾಳಕ್ಕೆ ಆಡಿತು. ಕಡೆಗೆ ಒಂದು ಬೆಳಗ್ಗೆ ಕಸದ ಬುಟ್ಟಿ ಹಿಡಿದು ಹೋಗಿ ಗಾಡಿಯವನನ್ನೇ ಕೇಳಿದಳು.

"ಅಣ್ಣಾ, ಈ ಹಾಡು ಸ್ವಲ್ಪ ಮೆಲ್ಲಗೆ ಹಾಕೋಕಾಗಲ್ವಾ?"

"ತಾಯೀ, ಗುಂಡಿ ನನ್ನ ಕೈಲಿಲ್ಲ. ಗಾಡಿ ಚಾಲೂ ಮಾಡಿದ್ರೆ ಅದೂ ಚಾಲೂ."

"ನಿಮ್ಮ ತಲೇಲಿ ಇದು ಸುತ್ತಲ್ವಾ?"

ಅವನು ಅವಳನ್ನು ಒಂದು ಗಳಿಗೆ ನೋಡಿದ. "ನೀವು ದಿನಕ್ಕೊಂದು ಸಲ ಕೇಳ್ತೀರಿ. ನಾನು ಎಂಟು ಗಂಟೆ ಕೇಳ್ತೀನಿ. ನನ್ನ ಹೆಂಡ್ತಿ ಮಾತಾಡಿದ್ರೂ ಇದೇ ರಾಗದಲ್ಲಿ ಕೇಳಿಸುತ್ತೆ. ಬುಟ್ಟಿ ಇತ್ತ ಕೊಡಿ."

ಅವನ ಕಷ್ಟ ಕೇಳಿ ಅವಳ ಹೆದರಿಕೆ ಇಮ್ಮಡಿಯಾಯಿತು. ಬಿಡಿಸಿಕೊಂಡವರು ಯಾರೂ ಇಲ್ಲವೆಂದಾಯಿತಲ್ಲ.

ಮುಂದಿನ ಎರಡು ವಾರದಲ್ಲಿ ನಾಲ್ಕು ತೊಟ್ಟಿಗಳಾದವು. ಸೊಸೆ ನುಡಿಗೊಂದರಂತೆ ಬೆರಳು ಮಡಿಸಿಕೊಂಡು ಹಾಡಿದಳು. ಬೆರಳು ಮಡಿಸಿದರೆ ಹಗ್ಗದ ಹಿಡಿತ ಸಡಿಲವಾಗುತ್ತದೆ. ಬಿಗಿ ಹಿಡಿದರೆ ಬೆರಳು ಮರೆಯುತ್ತದೆ. ಅನುಮಾನ ಬಂದಾಗಲೆಲ್ಲ ಒಂದೆರಡು ನುಡಿ ಹಾರಿಸಿ ಬೇಗ ಮುಗಿಸಿದಳು.

"ಏನೇ ಇದು, ಇಳಿದು ಡಬ್ಬಿ ಮುಚ್ಚಳ ತೆಗೆಯೋಷ್ಟರಲ್ಲಿ ಹೆಂಡ್ತಿ ಕರೀತಾಳೆ," ಎಂದ ಗಂಡ. "ಒಂದು ದಿನದ ಕೆಲಸ ಎರಡು ದಿನ ಆಗ್ತಿದೆ. ಕೆಲಸ ಕೊಡೋ ಮೇಸ್ತ್ರಿ ಮುಖ ಸಿಂಡರಿಸ್ತಾನೆ."

"ಜೀವಕ್ಕಿಂತ ಮೇಸ್ತ್ರಿ ಮುಖ ದೊಡ್ಡದಾ?"

"ನನ್ನ ಜೀವಕ್ಕೆ ಏನಾಗಿದೆ ಈಗ?"

ಅವಳು ಹಗ್ಗ ಸುತ್ತತೊಡಗಿದಳು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಲ್ಟು ತಟ್ಟೆಯ ಅಂಚಿಗೆ ಚಮಚೆ ಬಡಿದು ಶುರುಮಾಡಿದಳು. "ಬುಟ್ಟಿ ತನ್ನಿ, ಚೀಲ ತನ್ನಿ…"

ಸೊಸೆಯ ಕೈ ತನ್ನಷ್ಟಕ್ಕೆ ಹೋಗಿ ಮಗಳ ಕೆನ್ನೆಗೆ ಬಿತ್ತು. ಮನೆಯಲ್ಲಿ ಆ ಹುಡುಗಿಗೆ ಬಿದ್ದ ಮೊದಲ ಪೆಟ್ಟು ಅದು. ಹುಡುಗಿ ಅಳುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ಕೂತಳು. ಮಾವ ನಕ್ಕರು.

"ನಿನಗೇನು ಬುದ್ಧಿಗಿದ್ಧಿ ಕೆಟ್ಟಿದೆಯಾ?" ಗಂಡ ತಟ್ಟೆ ಸರಿಸಿ ಎದ್ದ. "ಹಾಡಿದ್ದಕ್ಕೆ ಹೊಡೀತಾರಾ ಮಗೂನ?"

"ಈ ಮನೇಲಿ ಯಾರೂ ಹಾಡಬಾರದು! ಯಾರೂ!"

"ಅಮ್ಮಾ, ನೋಡು ನಿನ್ನ ಸೊಸೇನ."

ಅತ್ತೆ ಮೊಮ್ಮಗಳನ್ನು ಎಡಗೈಯಲ್ಲಿ ತೊಡೆಗೆಳೆದುಕೊಂಡು ಸೊಸೆಯನ್ನೇ ನೋಡಿದಳು. ಆ ನೋಟ ತಡೆಯಲಾರದೆ ಸೊಸೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮಾರನೆಯ ದಿನ ಮೇಸ್ತ್ರಿ ತಾನೇ ಮನೆಗೆ ಬಂದ. ನೂರಿಪ್ಪತ್ತು ಮನೆಗಳ ಒಂದು ಹೊಸ ಕಟ್ಟಡ. ಕೆಳಗೆ ಭಾರಿ ತೊಟ್ಟಿ, ಮೂರು ಅಂಕಣ. ಇದೊಂದು ಚೆನ್ನಾಗಾದರೆ ವರ್ಷಪೂರ್ತಿ ಅವರ ಕೆಲಸವೆಲ್ಲ ನಿಮಗೇ ಎಂದ. ಗಂಡನ ಮುಖ ಅರಳಿತು. ಮೇಸ್ತ್ರಿಗೆ ಚಹಾ ಕೊಡಲು ಬಂದ ಸೊಸೆ, "ಒಳಗಿನ ಅಂಕಣ ಬಾಯಿಂದ ಎಷ್ಟು ದೂರ?" ಎಂದು ಕೇಳಿದಳು.

"ಹದಿನೈದು ಹೆಜ್ಜೆ ಇರಬಹುದು ಅಷ್ಟೇ ತಂಗಿ. ಮೂಲೆ ತಿರುಗಬೇಕು."

ಮೂಲೆ ತಿರುಗಿದರೆ ಮೇಲಿನಿಂದ ಎಳೆದರೂ ಮನುಷ್ಯ ಬರುವುದಿಲ್ಲ, ಹಗ್ಗ ಗೋಡೆಗೆ ಸಿಕ್ಕಿಕೊಳ್ಳುತ್ತದೆ.

ಮೇಸ್ತ್ರಿ ಹೋದ ಮೇಲೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದಳು.

"ಬೇಕರೀಲಿ ಏನಾಯ್ತು, ಹೇಳು."

ಸೊಸೆ ಹೇಳಿದಳು. ಅಕ್ಕನ ನುಡಿಯಲ್ಲಿ ಸುತ್ತಿದ್ದು, ಸುಳ್ಳು ಹೇಳಿದ್ದು, ಬೆರಳು ಮಡಿಸಿದ್ದು, ಎಲ್ಲ. ಬೈಗಳಿಗೆ ತಯಾರಾಗಿ ತಲೆ ಬಗ್ಗಿಸಿದಳು. ಬೈಗಳು ಬರಲಿಲ್ಲ. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು, ಒದ್ದೆಯಲ್ಲೇ.

"ನಿನ್ನ ಮಾವ ಇಳಿದಿದ್ದ ತೊಟ್ಟಿ ಪಕ್ಕದಲ್ಲೇ ಮದುವೆ ಛತ್ರ ಇತ್ತು," ಎಂದಳು. "ವಾರಪೂರ್ತಿ ಒಂದೇ ಪೀಪಿ ರಾಗ. ಅದು ನನ್ನ ತಲೆಗೆ ಅಂಟಿಕೊಂಡಿತ್ತು. ಬಾಯಿ ಹಾಡ್ತಾನೇ ಇತ್ತು ಕಣೇ, ಒಂದಕ್ಷರ ತಪ್ಪಲಿಲ್ಲ. ಆದ್ರೆ ಮನಸ್ಸೆಲ್ಲ ಆ ಪೀಪಿ ಹಿಂದೆ. ಮಗಳ ನುಡಿ ಹೊತ್ತಿಗೆ ನೆನಪಾಯ್ತು, ಹಗ್ಗ ಎಳೆತ ಬಂದು ಎಷ್ಟು ಹೊತ್ತಾಯ್ತು ಅಂತ. ಯಾವಾಗ ನಿಂತಿತ್ತೋ ನನಗೆ ಗೊತ್ತೇ ಇಲ್ಲ."

"ಅತ್ತೆ…"

"ಗಾಳಿ ಕೆಟ್ಟಿತ್ತು ಅಂದೆ. ಎಲ್ಲರೂ ನಂಬಿದ್ರು. ಹನ್ನೊಂದು ವರ್ಷದಿಂದ ದಿನಾ ಅವರ ಬಾಯಿಗೆ ಗಂಜಿ ಹಾಕ್ತೀನಿ. ಅವರು ನಕ್ಕಾಗೆಲ್ಲ, 'ನನಗೆಲ್ಲ ಗೊತ್ತು' ಅಂತಿದ್ದಾರೇನೋ ಅನ್ಸುತ್ತೆ." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಗಂಡನಿಗೆ ಹೇಳಬೇಕು. ನಿಂದೂ, ನಂದೂ. ನಾನೇ ಹೇಳ್ತೀನಿ."

ಸಂಜೆ ದೀಪ ಹಚ್ಚುವ ಹೊತ್ತಿಗೆ, ಅನ್ನ ಸಾರು ಬಡಿಸಿಟ್ಟು, ಅತ್ತೆ ಹೇಳಿದಳು. ಗಂಡ ಮೊದಲು ನಕ್ಕ.

"ಕಸದ ಗಾಡಿ ಹಾಡಾ? ಅದಕ್ಕಾ ಇಷ್ಟು ರಾಮಾಯಣ?"

ಯಾರೂ ನಗಲಿಲ್ಲ. ಅತ್ತೆ ಮದುವೆ ಛತ್ರದ ಮಾತು ತೆಗೆದಳು. ಗಂಡನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವನು ಅಪ್ಪನನ್ನು ನೋಡಿದ. ಅಪ್ಪ ಚಮಚೆಗೆಂದು ಬಾಯಿ ತೆರೆದುಕೊಂಡು ಕೂತಿದ್ದರು.

"ಅಂದ್ರೆ ಅವತ್ತಿಂದ ನಾನು ಇಳಿದಿದ್ದೆಲ್ಲ…" ಅವನು ತುತ್ತನ್ನು ತಟ್ಟೆಗೆ ಹಾಕಿದ. "ಅಮ್ಮಾ, ನಿನ್ನ ಹಾಡು ಕಲ್ಲಿನ ಹಂಗೆ ಅಂದ್ಕೊಂಡು ಇಳೀತಿದ್ದೆನಲ್ಲ ನಾನು!"

"ಗೊತ್ತು ಕಣೋ."

"ನೀನೂ ಸುಳ್ಳು, ಇವಳೂ ಸುಳ್ಳು. ನಿಮ್ಮಿಬ್ಬರ ಬಾಯಿ ನೋಡ್ಕೊಂಡು ನಾನು ಹಳ್ಳಕ್ಕೆ ಬೀಳಬೇಕಾ?"

"ಬೈಯಿರಿ ರೀ," ಎಂದಳು ಸೊಸೆ. "ಬೈದು, ಈ ಕೆಲಸ ಬೇಡ ಅಂದ್ಬಿಡಿ. ನಾನು ಮತ್ತೆ ಗುಂಡಿ ಹಚ್ಚೋಕೆ ಹೋಗ್ತೀನಿ."

"ಮಾತು ಕೊಟ್ಟಾಗಿದೆ," ಎಂದು ಅವನು ಕೈತೊಳೆದ. "ಬೇರೆ ಕೆಲಸ ನನಗೆ ಬರಲ್ಲ. ಹಾಡು ಬೇಡ, ಏನೂ ಬೇಡ. ಗಡಿಯಾರ ಇಟ್ಕೊಂಡು ಕೂತ್ಕೊಳ್ಳಿ. ಹೊತ್ತಾದ್ರೆ ಮೂರು ಸಲ ಹಗ್ಗ ಎಳೀರಿ, ಬರ್ತೀನಿ. ಬಾಯಿಗೆ ಬೀಗ ಹಾಕ್ಕೊಳ್ಳಿ ಇಬ್ಬರೂ."

ನಾಲ್ಕು ದಿನ ಅವನು ಇಬ್ಬರ ಜೊತೆಗೂ ಮಾತಾಡಲಿಲ್ಲ. ಉಪ್ಪು ಬೇಕಾದರೂ ಚಿಲ್ಟುವಿಗೆ ಹೇಳುತ್ತಿದ್ದ.

ಐದನೆಯ ದಿನ ಮಾವನನ್ನೂ ಚಿಲ್ಟುವನ್ನೂ ಪಕ್ಕದ ಮನೆಯವರ ಹತ್ತಿರ ಬಿಟ್ಟು ಮೂವರೂ ಹೊಸ ಕಟ್ಟಡಕ್ಕೆ ಹೋದರು. ತೊಟ್ಟಿಯ ಬಾಯಿ ವಾಹನ ನಿಲ್ಲಿಸುವ ಜಾಗದ ನಡುವೆ ಇತ್ತು. ಮುಚ್ಚಳ ಎತ್ತಿದೊಡನೆ ಒಳಗಿನಿಂದ ತಣ್ಣನೆಯ ಗಾಳಿ ಬಂದು ಸೊಸೆಯ ಮುಖಕ್ಕೆ ಬಡಿಯಿತು. ಅತ್ತೆ ಎಡಗೈಯಲ್ಲಿ ಗಡಿಯಾರ ಹಿಡಿದು ಕೂತಳು, ಸೊಸೆ ಹಗ್ಗ ಹಿಡಿದಳು. ಗಂಡ ದೀಪ ಹಣೆಗೆ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಇಳಿದ.

ಐದು ನಿಮಿಷಕ್ಕೊಮ್ಮೆ ಸೊಸೆ ಎಳೆಯುವುದು, ಅವನು ತಿರುಗಿ ಎಳೆಯುವುದು ಎಂದು ಮಾತಾಗಿತ್ತು. ಮೊದಲ ಎಳೆತ ಬಂತು. ಅವನು ಮೂಲೆ ತಿರುಗಿದ. ಹಗ್ಗ ಗೋಡೆಗೆ ಉಜ್ಜುವುದು ಕೈಗೆ ಗೊತ್ತಾಯಿತು. ಆಮೇಲೆ ಸದ್ದಿಲ್ಲ. ಬ್ರಷ್ಷಿನ ಸದ್ದೂ ಕೇಳುತ್ತಿರಲಿಲ್ಲ.

"ಏ!" ಎಂದು ಕೆಳಗಿನಿಂದ ಕೂಗು ಬಂತು, ದೂರದಿಂದ, ಗುಂಯ್‌ಗುಟ್ಟುತ್ತ. "ಏ, ಇದ್ದೀರಾ?"

"ಇದ್ದೀವಿ ರೀ!"

ಸ್ವಲ್ಪ ಹೊತ್ತಿಗೆ ಮತ್ತೆ, "ಇದ್ದೀರಾ?" ಈ ಸಲ ದನಿ ನಡುಗುತ್ತಿತ್ತು. ಹದಿನಾರು ವರ್ಷದವನಿದ್ದಾಗಿನಿಂದ ಅವನು ಇಳಿಯುತ್ತಿದ್ದ, ಆದರೆ ಒಂದು ದಿನವೂ ಮೇಲೆ ದನಿಯಿಲ್ಲದ ಕತ್ತಲೆಯಲ್ಲಿ ಇದ್ದವನಲ್ಲ. ಅದು ಮೂವರಿಗೂ ಹೊಳೆದಿರಲಿಲ್ಲ.

"ಏನಾದ್ರೂ ಹಾಡೇ!" ಎಂದು ಕೂಗಿದ. "ಯಾವುದಾದ್ರೂ ಹಾಡು! ಇಲ್ಲಿ ಆಗ್ತಿಲ್ಲ ನನಗೆ!"

ಸೊಸೆ ಬಾಯಿ ತೆರೆದಳು. ಅಮ್ಮನ ನುಡಿ ಬರಲಿಲ್ಲ. ಹೆದರಿದ ತಲೆಗೆ ಬಂದದ್ದು ಒಂದೇ.

"ಬುಟ್ಟಿ ತನ್ನಿ, ಚೀಲ ತನ್ನಿ, ಮನೆಯ ಕೊಳೆ ಹೊರಗೆ ತನ್ನಿ…"

"ಹಾಡು, ಹಾಡು, ಪರವಾಗಿಲ್ಲ," ಎಂದಳು ಅತ್ತೆ. "ಹೊತ್ತು ನಾನು ನೋಡ್ತಿದ್ದೀನಿ."

ಎರಡನೇ ಎಳೆತ ಗಟ್ಟಿಯಾಗಿ ಬಂತು. ಸೊಸೆ ಧೈರ್ಯ ತಂದುಕೊಂಡು ಗಂಟಲು ಬಿಟ್ಟು ಹಾಡಿದಳು. ಗಾಡಿ ಬಂತು ಬಾಗಿಲಿಗೆ. ಬುಟ್ಟಿ ತನ್ನಿ. ಕಟ್ಟಡದ ಕಾವಲುಗಾರ ದೂರದಿಂದ ನೋಡಿ ನಕ್ಕ. ನಗಲಿ.

"ಹೊತ್ತಾಯ್ತು," ಎಂದಳು ಅತ್ತೆ. "ಎಳಿ."

ಸೊಸೆ ಹಾಡುತ್ತಲೇ ಮೂರು ಸಲ ಎಳೆದಳು. ಉತ್ತರ ಬರಲಿಲ್ಲ. ಮತ್ತೆ ಮೂರು ಸಲ ಎಳೆದಳು. ಇಲ್ಲ. ಅವಳ ಬಾಯಿ ಹಾಡುತ್ತಲೇ ಇತ್ತು, ನಿಲ್ಲಿಸಲು ಹೆದರಿಕೆ. ನಿಲ್ಲಿಸಿದರೆ ಅವನಿಗೆ ಯಾರೂ ಇಲ್ಲ ಎನಿಸೀತು.

"ಒಂದು ನಿಮಿಷ ಆಯ್ತು," ಎಂದಳು ಅತ್ತೆ. ಬಲಗೈ ಏಳದಿದ್ದವಳು ಎರಡೂ ಕೈಯಲ್ಲಿ ಹಗ್ಗ ಹಿಡಿದಳು. "ಎರಡು… ಎಳಿಯೇ! ಎಳಿ!"

ಹಗ್ಗ ಮೂಲೆಗೆ ಕಚ್ಚಿಕೊಂಡಿತ್ತು, ಅಲುಗಲಿಲ್ಲ. ಅತ್ತೆ ಗಂಟಲು ಹರಿಯುವಂತೆ ಕಾವಲುಗಾರನನ್ನು ಕೂಗಿದಳು. ಸೊಸೆಗೆ ಕಣ್ಣ ಮುಂದೆ ಆ ಗಲ್ಲ, ಆ ಚಮಚೆ ಬಂದವು. ಗಾಡಿ ಬಂತು ಎನ್ನುತ್ತಿದ್ದ ದನಿ ಅರ್ಧ ಸಾಲಿಗೇ ಹೂತುಹೋಯಿತು. ಉಸಿರೇ ಇಲ್ಲದ ಮೇಲೆ ಹಾಡೆಲ್ಲಿಯದು.

ಹಾಡು ನಿಂತ ಆ ಗಳಿಗೆಯಲ್ಲಿ ಹಗ್ಗ ಎಳೆಯಿತು, ಒಂದು ಸಲ. ಆಮೇಲೆ ಸಡಿಲವಾಯಿತು. ಅವನು ಬರುತ್ತಿದ್ದ.

ಮೇಲೆ ಬಂದವನನ್ನು ಕಾವಲುಗಾರನೂ ಇಬ್ಬರು ಹೆಂಗಸರೂ ಕಂಕುಳಿಗೆ ಕೈಹಾಕಿ ಎಳೆದು ಮಲಗಿಸಿದರು. ಅವನು ಕೆಮ್ಮಿದ, ವಾಂತಿ ಮಾಡಿದ. ನಗಲಿಲ್ಲ. ಅವನು ನಗಲಿಲ್ಲವೆಂದು ನೋಡಿ ಸೊಸೆ ಜೋರಾಗಿ ಅತ್ತುಬಿಟ್ಟಳು.

"ಹಗ್ಗ ಎಳೆದದ್ದು ಗೊತ್ತಾಗಲಿಲ್ವೇನೋ?" ಅತ್ತೆ ಅವನ ಎದೆ ನೀವುತ್ತ ಕೇಳಿದಳು.

"ಗೊತ್ತಾಯ್ತಮ್ಮ."

"ಮತ್ತೆ ಯಾಕೋ ಬರಲಿಲ್ಲ?"

ಅವನು ಇಬ್ಬರನ್ನೂ ನೋಡಿದ. ಅವನ ಕಣ್ಣಲ್ಲಿ ಇಷ್ಟು ದಿನ ಇದ್ದ ಕೋಪದ ಜಾಗದಲ್ಲಿ ಬರಿಯ ದಿಗಿಲು.

"ಹಾಡು ಮುಗೀಲಿ ಅಂತ ಕಾಯ್ತಿದ್ದೆ," ಎಂದ. "ಬರಬೇಕು ಅಂತ ಗೊತ್ತು. ಕಾಲು ಏಳ್ತಾನೇ ಇರಲಿಲ್ಲ. ಹಾಡು ಇನ್ನೂ ಇದೆಯಲ್ಲ, ಮುಗೀಲಿ, ಮುಗೀಲಿ ಅಂತ…"

ಅತ್ತೆ ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿದಳು. ಅರ್ಧ ಗೋಡೆ ಮಾತ್ರ ಆಗಿತ್ತು. ಇನ್ನೊಂದು ಸಲ ಇಳಿಯದೆ ಗತ್ಯಂತರವಿಲ್ಲ, ಹಸಿ ಬಣ್ಣ ಒಣಗಿ ಗೆರೆ ಬಿದ್ದರೆ ಕೆಲಸವೆಲ್ಲ ನೀರುಪಾಲು.

"ಇನ್ನು ನಾನು ಹಾಡಲ್ಲ," ಎಂದಳು ಸೊಸೆ ಮೂಗು ಒರೆಸಿಕೊಂಡು.

"ಸುಮ್ಮನಿದ್ರೆ ನನಗಾಗಲ್ಲ."

"ಸುಮ್ಮನಿರ್ತೀನಿ ಅಂದ್ನಾ? ಜಗಳ ಆಡ್ತೀನಿ. ಜಗಳಕ್ಕೆ ಉತ್ತರ ಕೊಡದೆ ಇರೋಕೆ ನಿಮಗೆ ಬರಲ್ಲ. ಉತ್ತರ ಬರಲಿಲ್ಲ ಅಂದ್ರೆ ನಾನೇ ಇಳಿದು ಬರ್ತೀನಿ."

ಗಂಡ ಹಗ್ಗ ಕಟ್ಟಿಕೊಂಡ. ಇಳಿಯುವ ಮುನ್ನ ಈ ಸಲ ಅವಳ ಮುಖ ನೋಡಿದ.

ಹಗ್ಗ ಮೂಲೆ ತಿರುಗಿದೊಡನೆ ಸೊಸೆ ತೊಟ್ಟಿಯ ಬಾಯಿಗೆ ಬಗ್ಗಿದಳು. "ರೀ! ಹೋದ ತಿಂಗಳು ನನ್ನ ಅಡುಗೇಲಿ ಉಪ್ಪಿಲ್ಲ ಅಂತ ಪಕ್ಕದ ಮನೆಯವಳಿಗೆ ಯಾಕೆ ಹೇಳಿದ್ರಿ?"

"ಇರಲಿಲ್ಲ, ಹೇಳಿದೆ!" ಎಂದು ಬಂತು.

"ಚಿಲ್ಟುಗೆ ಚಪ್ಪಲಿ ತರ್ತೀನಿ ಅಂದು ಎಷ್ಟು ದಿನ ಆಯ್ತು?"

"ತರ್ತೀನಿ ಮಾರಾಯ್ತಿ! ಗೋಡೆ ಬಳಿಯೋಕೆ ಬಿಡು!"

ಅತ್ತೆ ಗಡಿಯಾರದಿಂದ ಕಣ್ಣು ಕೀಳದೆ ತುಟಿ ಕಚ್ಚಿ ಹಿಡಿದಿದ್ದಳು. ಹತ್ತು ನಿಮಿಷವಾಯಿತು. ಸೊಸೆಗೆ ಕೇಳಬೇಕಾದ ಪ್ರಶ್ನೆಗಳು ಮುಗಿಯುತ್ತ ಬಂದವು. ಉಳಿದದ್ದು ಕೇಳಲು ಹೆದರಿದ್ದ ಒಂದೇ ಪ್ರಶ್ನೆ.

"ರೀ," ಎಂದಳು. "ನಾನು ಸುಳ್ಳು ಹೇಳಿದ್ದಕ್ಕೆ… ನಿಮ್ಮ ಕೋಪ ಹೋಯ್ತಾ?"

ಉತ್ತರ ಬರಲಿಲ್ಲ. ಅತ್ತೆ ತಲೆ ಎತ್ತಿದಳು. ಸೊಸೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು.

"ಇಲ್ಲ!" ಎಂದು ಕತ್ತಲೆಯೊಳಗಿನಿಂದ ಗಂಡನ ದನಿ ಬಂತು, ಸಿಟ್ಟಿನಿಂದ, ಗಟ್ಟಿಯಾಗಿ. "ಹೋಗಿಲ್ಲ! ಇಷ್ಟು ಬೇಗ ಹೋಗಲ್ಲ!"

"ಆಯ್ತು ರೀ," ಎಂದು ಅವಳು ಅಳುತ್ತ ಕೂಗಿದಳು. "ಇನ್ನೊಂದು ಸಲ ಹೇಳಿ."